ಬಿಳಿಯ ಪಥ್ಯ, ಬಲಗಾಲಿನ ಚಪ್ಪಲಿ

ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿಯ ಮೇ ತಿಂಗಳಲ್ಲಿ, ನನಗೆ ಐವತ್ತೆರಡು ವರ್ಷ ತುಂಬಿ ಕೆಲವೇ ವಾರಗಳಾಗಿದ್ದಾಗ, ನಾನು ಅಜ್ಜಂಪುರದಿಂದ ಕಡೂರಿನವರೆಗೆ ಎಡಗಾಲಿಗೆ ನನ್ನ ಚಪ್ಪಲಿಯನ್ನೂ ಬಲಗಾಲಿಗೆ ಪರರ ಚಪ್ಪಲಿಯನ್ನೂ ಧರಿಸಿಕೊಂಡು ಬಂದೆ. ಬಂದದ್ದು ಕತ್ತಲಿನಲ್ಲಲ್ಲ, ಹಾಡುಹಗಲಿನಲ್ಲಿ. ಕುಡಿದವನಾಗಿಯೂ ಅಲ್ಲ; ನಮ್ಮ ಮನೆತನದಲ್ಲಿ ಕಾಫಿಗಿಂತ ತೀಕ್ಷ್ಣವಾದ ಪಾನೀಯವನ್ನು ಯಾರೂ ಸೇವಿಸಿದ್ದಿಲ್ಲ. ಇಷ್ಟು ಹೇಳಿದರೆ, ನನ್ನಲ್ಲಿ ಕನ್ನಡ ಕಲಿತ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದ ಪಕ್ಷದಲ್ಲಿ ಕುರ್ಚಿಯಿಂದ ಎದ್ದು ಕುಣಿಯಬಹುದು. ಏಕೆಂದರೆ ತರಗತಿಯ ಹೊರಗೆ ಚಪ್ಪಲಿಗಳನ್ನು ಗೋಡೆಗೆ ಹಿಮ್ಮಡಿ ತಾಗುವಂತೆ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ, ಸಾಲಾಗಿ ಬಿಡಬೇಕೆಂದು ಇಪ್ಪತ್ತೈದು ವರ್ಷಗಳ ಕಾಲ ಕಟ್ಟಪ್ಪಣೆ ಮಾಡಿದ್ದವನು ನಾನು. ನಮ್ಮ ಭಾಷೆಯಲ್ಲಿ ಪ್ರತ್ಯೇಕವಾದ ದ್ವಿವಚನವಿಲ್ಲ. ಚಪ್ಪಲಿಯ ಮಟ್ಟಿಗಾದರೂ ಇರಬೇಕಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದುದುಂಟು. ಮಕ್ಕಳು ನಗುತ್ತಿರಲಿಲ್ಲ. ಸಾಲು ತಪ್ಪಿಸಿದ ಚಪ್ಪಲಿಯ ಒಡೆಯ ಯಾರೆಂದು ನಾನು ಮುಂದೆ ಕೇಳುವವನಿದ್ದೇನೆಂದು ಅವರಿಗೆ ಗೊತ್ತಿತ್ತು.

ಆ ಚಪ್ಪಲಿಗಳಲ್ಲಿ ನನ್ನದಾದದ್ದು ಈಗಲೂ ಬಾಗಿಲ ಪಕ್ಕದ ಗೂಡಿನಲ್ಲಿದೆ. ಮೊನ್ನೆ ಅದಕ್ಕೆ ಎಣ್ಣೆ ಸವರಿ ಒರೆಸುತ್ತ ಕುಳಿತಿದ್ದಾಗ ಇದನ್ನೆಲ್ಲ ಬರೆಯಬೇಕೆನ್ನಿಸಿತು. ಆದರೆ ಚಪ್ಪಲಿಯ ಕಥೆ ಹೇಳಬೇಕಾದರೆ ಮೊದಲು ಮೊಸರಿನ ಕಥೆ ಹೇಳಬೇಕು.

ಅದಕ್ಕೂ ಏಳು ವರ್ಷಗಳ ಹಿಂದೆ ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಅಂದಿನ ವೈದ್ಯರು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆಯನ್ನು ಬರೆದುಕೊಟ್ಟು, ಸಕ್ಕರೆ ಬಿಡಿ, ಮೈದಾ ಬಿಡಿ, ಬಿಳಿ ಅನ್ನ ಕಡಿಮೆ ಮಾಡಿ ಎಂದು ಸಮಾಧಾನದಿಂದ ವಿವರಿಸಿದರು. ಅವರ ಮಾತಿನಲ್ಲಿ ದೋಷವಿರಲಿಲ್ಲ. ಆದರೆ ಯಾವ ವಿಷಯವನ್ನಾಗಲಿ ಸೂತ್ರರೂಪಕ್ಕೆ ತಂದು ಬಾಯಿಪಾಠ ಮಾಡಿಸದಿದ್ದರೆ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಸೂತ್ರ ಸಿದ್ಧವಾಗಿತ್ತು: ಬಿಳಿಯದೆಲ್ಲ ವರ್ಜ್ಯ. ಎಷ್ಟು ಅಡಕ, ಎಷ್ಟು ಸ್ಪಷ್ಟ! ಮನೆಗೆ ಬಂದು ಹೆಂಡತಿ ವಿಶಾಲಾಕ್ಷಿಗೆ ಅದನ್ನು ಎರಡು ಸಲ ಹೇಳಿದೆ.

"ಸಕ್ಕರೆ, ಅನ್ನ ಸರಿ. ಹಾಲು?" ಎಂದಳು.

"ಹಾಲಿನ ಬಣ್ಣ ಯಾವುದು?"

"ಮೊಸರು?"

"ನೀನೇ ಹೇಳು."

"ಅಲ್ರೀ, ಉಪ್ಪೂ ಬೆಳ್ಳಗೇ ಇರೋದು. ಹಣೆಗೆ ಹಚ್ಕೊಳ್ಳೋ ವಿಭೂತೀನೂ ಬೆಳ್ಳಗೇ ಇದೆ. ಅದುನ್ನೂ ಬಿಡ್ತೀರಾ?"

ವಿಭೂತಿ ಆಹಾರವಲ್ಲವೆಂದು ಉತ್ತರಿಸಿದೆ. ಉಪ್ಪಿನ ಆಕ್ಷೇಪಣೆ ಮಾತ್ರ ಸಯುಕ್ತಿಕವಾಗಿದ್ದುದರಿಂದ ಮರುದಿನವೇ ನಸುಗೆಂಪು ಬಣ್ಣದ ಸೈಂಧವ ಲವಣವನ್ನು ತಂದೆ. ಅಪವಾದಗಳಿಗೆ ಒಮ್ಮೆ ಬಾಗಿಲು ತೆರೆದರೆ ನಿಯಮವು ಛತ್ರವಾಗುತ್ತದೆ ಎಂಬುದು ನನ್ನ ಅಂದಿನ ನಂಬಿಕೆ. ಹೀಗೆ ಹಾಲು ಹೋಯಿತು, ಮೊಸರು ಹೋಯಿತು, ಮಜ್ಜಿಗೆ ಹೋಯಿತು, ಬೆಣ್ಣೆ ಹೋಯಿತು. ಪಾಪ, ಯಾರಿಗೂ ಏನೂ ಮಾಡದ ಮೂಲಂಗಿಯೂ ಹೋಯಿತು. ತೆಂಗಿನಕಾಯಿ ಹೊರಗೆ ಕಂದು, ಒಳಗೆ ಬಿಳಿ. ತೋಟದಲ್ಲಿ ತೆಂಗು ಬೆಳೆದು, ಕೊಬ್ಬರಿ ಮಾರಿ ಬಾಳಿದ ಮನೆಯಲ್ಲಿ ತೆಂಗಿನಕಾಯಿಗೆ ಬಹಿಷ್ಕಾರ ಹಾಕಿದಾಗ ಬಂಧುಗಳಲ್ಲಿ ಸಣ್ಣ ಗದ್ದಲವೇ ಆಯಿತು. ವಿಶಾಲಾಕ್ಷಿ ವಾದಕ್ಕಿಳಿಯಲಿಲ್ಲ. ಕೊತ್ತಂಬರಿಸೊಪ್ಪನ್ನು ಧಾರಾಳವಾಗಿ ಹಾಕಿ ಚಟ್ನಿಯನ್ನು ಹಸಿರು ಮಾಡಿದಳು. ಹಸಿರು ಬಿಳಿಯಲ್ಲ, ನಾನು ತಿಂದೆ. ಮೊಸರಿಗೆ ಬಣ್ಣ ಹಾಕುವ ಉಪಾಯ ಮಾತ್ರ ಫಲಿಸಲಿಲ್ಲ ಎಂಬುದೇ ಈ ಕಥೆಗೆ ಕಾರಣ. ಮಜ್ಜಿಗೆಹುಳಿಯನ್ನು ಅರಿಶಿನ ಹಾಕಿ ಹಳದಿ ಮಾಡಿ ಒಮ್ಮೆ ಬಡಿಸಿದ್ದಳು. ನಾನು ಮೂಲದ್ರವ್ಯವನ್ನು ವಿಚಾರಿಸಿ ತಟ್ಟೆಯನ್ನು ದೂರ ಸರಿಸಿದೆ.

ಇಷ್ಟಕ್ಕೂ ನಾನು ಮೊಸರಿನ ದ್ವೇಷಿಯಲ್ಲ. ನಮ್ಮ ಅವ್ವ ಬೆಳಗಿನ ಜಾವ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದ ಸದ್ದೇ ನನ್ನ ಬಾಲ್ಯದ ಗಡಿಯಾರ. ಆ ಸದ್ದಿನ ಲಯ ನಿಧಾನವಾಯಿತೆಂದರೆ ಬೆಣ್ಣೆ ಬಂತೆಂದು ಅರ್ಥ; ನಾವು ಹಾಸಿಗೆಯಿಂದ ಕೈ ಚಾಚಿಕೊಂಡೇ ಏಳುತ್ತಿದ್ದೆವು. ಅಂಗೈಯಲ್ಲಿ ಬಿದ್ದ ಬೆಣ್ಣೆಯುಂಡೆಯನ್ನು ತಿಂದಾದ ಮೇಲೆ ಜಿಡ್ಡನ್ನು ಕಾಲಿಗೆ ಒರೆಸಿಕೊಳ್ಳಬೇಕೆಂಬುದು ಅವ್ವನ ನಿಯಮ. ಆ ಕಾಲುಗಳಾದರೋ ಚಪ್ಪಲಿಯನ್ನೇ ಕಂಡಿರಲಿಲ್ಲ. ಕಣ್ಣು ಕಟ್ಟಿ ನಡೆಸಿದರೂ ಇದು ಎರೆಮಣ್ಣು, ಇದು ಕೆಂಪುಮಣ್ಣು, ಇದು ರೈಲ್ವೆ ಗೇಟಿನ ಹತ್ತಿರದ ಜಲ್ಲಿ ಎಂದು ಅಂಗಾಲು ತಾನೇ ಹೇಳುತ್ತಿತ್ತು. ನೆಗ್ಗಿಲು ಮುಳ್ಳು ಚುಚ್ಚಿದರೆ ಕುಂಟುತ್ತಲೇ ಕಾಲೆತ್ತಿ, ಕಿತ್ತೆಸೆದು, ಆಟ ಮುಂದುವರಿಸುತ್ತಿದ್ದೆವು. ಅಂಗಾಲಿಗೆ ಅಷ್ಟು ವಿದ್ಯೆಯಿತ್ತೆಂಬುದನ್ನು ನಾನು ಆಗ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅದು ಹಾಗಿರಲಿ. ಗೃಹಪ್ರವೇಶಕ್ಕೆ ಬರೋಣ. ಸ್ವಯಂನಿವೃತ್ತಿ ಪಡೆದು ತೋಟ ನೋಡಿಕೊಳ್ಳುತ್ತಿದ್ದ ನನಗೆ ಹಳೆಯ ಸಹೋದ್ಯೋಗಿಗಳು ಕರೆದರೆ ಹಬ್ಬವೇ. ಅಜ್ಜಂಪುರದಲ್ಲಿ ಅಂಥ ಒಬ್ಬರು ಮನೆ ಕಟ್ಟಿಸಿದ್ದರು. ಅಂದು ತೋಟದಲ್ಲಿ ಕಾಯಿ ಕೀಳಿಸುವ ದಿನವಾದ್ದರಿಂದ ವಿಶಾಲಾಕ್ಷಿ ಕಡೂರಿನಲ್ಲೇ ಉಳಿದಳು, ನಾನೊಬ್ಬನೇ ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ದಪ್ಪನೆಯ, ದೊಡ್ಡ ಧ್ವನಿಯ ವ್ಯಕ್ತಿಯೊಬ್ಬರು ಕುಳಿತಿದ್ದರು. ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡು, ತುಪ್ಪಕ್ಕಾಗಿ ಅದರ ನಡುವೆ ಕೆರೆ ತೋಡುತ್ತಿದ್ದರು. ಮೊಸರು ಬಂದಾಗ ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಏನ್ರೀ, ಮೊಸ್ರೂ ಬ್ಯಾಡ್ವಾ? ಗೃಹಪ್ರವೇಶದ ಮನೇಲಿ ಮೊಸ್ರು ಬ್ಯಾಡ ಅಂದೋರ್ನ ಇವತ್ತೇ ನೋಡಿದ್ದು!" ಎಂದರು ಆ ವ್ಯಕ್ತಿ.

"ನಿಯಮ," ಎಂದೆ, ಗಾಂಭೀರ್ಯದಿಂದ.

"ಹಂಗಾರೆ ಅವುರ್ದೂ ನಂಗೇ ಹಾಕಪ್ಪ," ಎಂದು ಬಡಿಸುವವನಿಗೆ ಹೇಳಿ, ನನ್ನ ಪಾಲನ್ನೂ ಅವರು ಹಾಕಿಸಿಕೊಂಡರು.

ಊಟ ಮುಗಿಸಿ, ಎಲೆಯಡಿಕೆ ತೆಗೆದುಕೊಂಡು, ಬಾಗಿಲ ಮುಂದಿನ ಚಪ್ಪಲಿಗಳ ಸಮುದ್ರದಲ್ಲಿ ಕಾಲು ತೂರಿಸಿ ನಾನು ನಿಲ್ದಾಣಕ್ಕೆ ನಡೆದೆ. ರೈಲಿನಲ್ಲಿ ಬೀರೂರಿಗೆ ಬಂದು ಬಸ್ಸು ಹಿಡಿದು ಕಡೂರಿನಲ್ಲಿ ಇಳಿದು, ಮನೆಯವರೆಗೂ ನಡೆದೆ. ದಾರಿಯಲ್ಲಿ ಒಂದು ಅಂಗಡಿಯ ನಾಮಫಲಕದ ಕಾಗುಣಿತವನ್ನು ಮಾಲೀಕನಿಗೆ ತಿದ್ದಿ ಹೇಳಿದ್ದೂ ನೆನಪಿದೆ. ಬಾಗಿಲಲ್ಲಿ ವಿಶಾಲಾಕ್ಷಿ ನಿಂತಿದ್ದಳು. ಅವಳ ಕಣ್ಣು ನೆಲಕ್ಕೆ ಹೋಯಿತು.

"ಯಾರ ಚಪ್ಪಲಿ ರೀ ಅದು?"

"ನನ್ನದೇ."

"ಒಂದಕ್ಕೆ ಉಂಗುಟ ಇದೆ. ಇನ್ನೊಂದಕ್ಕೆ ಬರೀ ಪಟ್ಟಿ."

ಬಗ್ಗಿ ನೋಡಿದೆ. ಎಡದ್ದರಲ್ಲಿ ನನ್ನ ಹೆಬ್ಬೆರಳು ಉಂಗುಟದೊಳಗೆ ಶಿಸ್ತಾಗಿ ಕುಳಿತಿತ್ತು. ಬಲದ್ದರಲ್ಲಿ ಹೆಬ್ಬೆರಳು ಯಾವ ಆಸರೆಯೂ ಇಲ್ಲದೆ ಬಯಲಿನಲ್ಲಿತ್ತು. ಚಪ್ಪಲಿ ನನ್ನದಕ್ಕಿಂತ ಒಂದು ಬೆರಳಷ್ಟು ಉದ್ದವೂ ಇತ್ತು. ಇಬ್ಬರೂ ನಕ್ಕೆವು. ಮೊದಲು ನಗು ನಿಲ್ಲಿಸಿದವಳು ವಿಶಾಲಾಕ್ಷಿ.

"ಅಲ್ಲಿಂದ ಇಲ್ಲೀವರೆಗೂ ನಿಮ್ಮ ಕಾಲಿಗೆ ಗೊತ್ತೇ ಆಗಲಿಲ್ವಾ?" ಎಂದಳು.

ಗೊತ್ತಾಗಿರಲಿಲ್ಲ. ಒಂದೆರಡು ವರ್ಷಗಳಿಂದ ಪಾದಗಳಲ್ಲಿ ಜುಮುಜುಮು ಎನ್ನುತ್ತಿತ್ತು. ಬರಿಗಾಲಿನಲ್ಲಿದ್ದರೂ ದಪ್ಪನೆಯ ಕಾಲುಚೀಲ ತೊಟ್ಟಂತೆ ಭಾಸವಾಗುತ್ತಿತ್ತು. ಕುಳಿತು ಜೋಮು ಹಿಡಿದಿರಬೇಕು, ವಯಸ್ಸಾಯಿತು ಎಂದುಕೊಂಡಿದ್ದೆ. ಈಗ ನಾವಿಬ್ಬರೂ ಒಂದೇ ವಿಷಯವನ್ನು ನೆನೆದೆವು.

ಅದು ನನ್ನ ಅಪ್ಪನ ಕಾಲು. ಅಪ್ಪ ಕೊಬ್ಬರಿ ವ್ಯಾಪಾರಿ, ಸಕ್ಕರೆ ಕಾಯಿಲೆಯಿತ್ತು. ಒಂದು ಬೆಳಿಗ್ಗೆ ಹಜಾರದ ನೆಲದ ಮೇಲೆ ಬಾಗಿಲಿನಿಂದ ದೇವರ ಮನೆಯವರೆಗೆ ಕೆಂಪು ಹೆಜ್ಜೆಗಳು ಮೂಡಿದ್ದನ್ನು ಅವ್ವ ಕಂಡಳು. ತೆಂಗಿನ ಚಿಪ್ಪಿನ ಚೂರು ಅಪ್ಪನ ಕಾಲೊಳಗೇ ಇತ್ತು; ಅಪ್ಪ ಕುಳಿತು ಮಂತ್ರ ಹೇಳುತ್ತಿದ್ದರು. ಗಾಯ ಮಾಯಲಿಲ್ಲ. ಹೆಬ್ಬೆರಳು ಹೋಯಿತು, ಆಮೇಲೆ ಪಾದ. ಮಾರುಕಟ್ಟೆಯಲ್ಲಿ ಓಡಾಡಿ ಕೊಬ್ಬರಿಯನ್ನು ಉಗುರಿನಿಂದ ಕೆರೆದು ದರ ಹೇಳುತ್ತಿದ್ದ ಮನುಷ್ಯ ಜಗಲಿಯ ಮೇಲೆ ಕುಳಿತು, ಹೋಗುವವರ ಕಾಲುಗಳನ್ನೇ ನೋಡುತ್ತಿದ್ದರು. ನನ್ನ ಬಿಳಿಯ ಪಥ್ಯದ ಬೇರು ಇದ್ದದ್ದು ಆ ಜಗಲಿಯಲ್ಲಿ. ನಾನು ನಿಯಮಕ್ಕೆ ಅಂಜುವವನಲ್ಲ. ಅಪ್ಪನ ಕಾಲಿಗೆ ಅಂಜಿ ನಿಯಮವನ್ನು ಅಪ್ಪಿಕೊಂಡವನು.

ಮರುದಿನ ದೂರವಾಣಿ ಬಂತು.

"ಮೇಷ್ಟ್ರಾ? ನಾನು ಶಿವನಿಯಿಂದ ಮಲ್ಲೇಶಪ್ಪ ಅಂತ. ಗೃಹಪ್ರವೇಶದ ಮನೆಯೋರು, ಉಂಗುಟದ ಚಪ್ಲಿ ನಿಮ್ಮದೇ ಇರ್ಬೇಕು ಅಂತ ನಂಬರ್ ಕೊಟ್ರು. ನಿಮ್ಮ ಬಲಗಾಲು ನಮ್ಮನೇಲೈತೆ ಕಣ್ರೀ."

"ನಿಮ್ಮದು ನಮ್ಮ ಮನೆಯಲ್ಲಿದೆ," ಎಂದೆ. "ತಮಗೆ ಯಾವಾಗ ಗೊತ್ತಾಯಿತು?"

"ನಂಗೆಲ್ಲಿ ಗೊತ್ತಾಯ್ತದೆ? ಮನೆಗೆ ಬಂದೆ, ನಮ್ಮನೆಯೋಳು ನಕ್ಕಳು. ಉಂಗುಟ ಇದ್ದ ಚಪ್ಲಿ ನಾನು ಹುಟ್ಟಿದಾಗ್ಲಿಂದ ಮೆಟ್ಟಿಲ್ಲ! ಇರ್ಲಿ, ಮೊಸ್ರು ಬ್ಯಾಡ ಅಂದೋರು ನೀವೇ ಅಲ್ವಾ?"

"ಹೌದು. ಒಬ್ಬಟ್ಟು ತಿಂದವರು ತಾವೇ ಅಲ್ಲವೆ?"

"ನಾನೇ. ನಿಮ್ಗೆ ಸಕ್ರೆ ಐತಾ?"

"ಇದೆ."

"ನಂಗೂ ಐತೆ. ಇಪ್ಪತ್ತು ವರ್ಷದಿಂದ."

ಆಮೇಲೆ ಅವರೇ ಆ ದೊಡ್ಡ ಧ್ವನಿಯನ್ನು ತಗ್ಗಿಸಿ, "ಮೇಷ್ಟ್ರೇ, ಇದು ನಗೋ ವಿಷ್ಯ ಅಲ್ಲ ಅನ್ಸುತ್ತೆ," ಎಂದರು.

ತರೀಕೆರೆಯಲ್ಲಿ ಡಾಕ್ಟರ್ ಸುಮಾ ಇದ್ದಳು. ನಾನು ಲಿಂಗದಹಳ್ಳಿಯ ಕಡೆ ಕೆಲಸದಲ್ಲಿದ್ದಾಗ ನನ್ನ ವಿದ್ಯಾರ್ಥಿನಿ. ನಾವು ಮೂವರು, ಎಂದರೆ ನಾನು, ವಿಶಾಲಾಕ್ಷಿ ಮತ್ತು ಬೀರೂರಿನಲ್ಲಿ ನಮ್ಮನ್ನು ಕೂಡಿಕೊಂಡ ಮಲ್ಲೇಶಪ್ಪನವರು, ಒಂದು ಬೆಳಿಗ್ಗೆ ಅವಳಲ್ಲಿಗೆ ಹೋದೆವು. ಅದಲುಬದಲು ಮಾಡಿಕೊಳ್ಳೋಣವೆಂದು ಒಬ್ಬೊಬ್ಬರೂ ಚೀಲದಲ್ಲಿ ಪರರ ಚಪ್ಪಲಿಯನ್ನು ಇಟ್ಟುಕೊಂಡಿದ್ದೆವು. ಕಾಲಿಗೆ ನಾನು ರಬ್ಬರಿನದನ್ನೂ ಅವರು ಮಗನ ಕ್ಯಾನ್ವಾಸ್ ಶೂಗಳನ್ನೂ ಮೆಟ್ಟಿದ್ದೆವು.

ಸುಮಾ ನನ್ನನ್ನು ಹಾಸಿಗೆಯ ಮೇಲೆ ಮಲಗಿಸಿ, ಶ್ರುತಿಕವೆಯೊಂದನ್ನು ಕೈಗೆತ್ತಿಕೊಂಡಳು. ವಿಜ್ಞಾನದ ಮೇಷ್ಟ್ರು ಮೇಜಿಗೆ ಬಡಿದು ಕಿವಿಯ ಹತ್ತಿರ ಹಿಡಿಯುತ್ತಿದ್ದರಲ್ಲ, ಅದೇ ಎರಡು ಕವಲಿನ ಉಕ್ಕಿನ ಸಾಧನ.

"ಸರ್, ಕಣ್ಣು ಮುಚ್ಕೊಳ್ಳಿ. ಇದನ್ನ ಹೆಬ್ಬೆರಳ ಮೇಲೆ ಇಡ್ತೀನಿ. ನಡುಗೋದು ಗೊತ್ತಾದ ತಕ್ಷಣ ಹೇಳಿ."

ಕಣ್ಣು ಮುಚ್ಚಿ ಕಾದೆ. ಪರೀಕ್ಷೆಗಳಲ್ಲಿ ನಾನೆಂದೂ ಹಿಂದೆ ಬಿದ್ದವನಲ್ಲ. ಕಾದು ಕಾದು, "ಇನ್ನೂ ಶುರು ಮಾಡಲಿಲ್ಲವೇನಮ್ಮ?" ಎಂದೆ.

"ಎರಡೂ ಕಾಲು ಮುಗೀತು ಸರ್," ಎಂದಳು, ಮೆಲ್ಲಗೆ.

ನಾನು ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಗಳ ಒಳಗೆ ಅಪ್ಪ ಜಗಲಿಯ ಮೇಲೆ ಕುಳಿತಿದ್ದರು.

ಮಲ್ಲೇಶಪ್ಪನವರ ಸರದಿಯೂ ಹೆಚ್ಚುಕಡಿಮೆ ಹಾಗೆಯೇ ಆಯಿತು. ಆದರೆ ಅವರ ಬಲ ಹಿಮ್ಮಡಿಯನ್ನು ಎತ್ತಿದ ಸುಮಾ ಅಲ್ಲಿಯೇ ನಿಂತಳು. ಜಡ್ಡುಗಟ್ಟಿದ ಚರ್ಮದ ನಡುವೆ ಹಳೆಯದೊಂದು ಗಾಯ. "ಇದು ಎಷ್ಟು ದಿನದಿಂದ?" ಎಂದರೆ ಅವರಿಗೆ ತಿಳಿಯದು, "ಐತಾ ಅಲ್ಲಿ ಗಾಯ?" ಎಂದು ಮರುಪ್ರಶ್ನೆ ಹಾಕಿದರು. ಅವಳು ನನ್ನ ಕಡೆ ತಿರುಗಿ ನನ್ನ ಬಲ ಹಿಮ್ಮಡಿಯನ್ನೂ ಮತ್ತೊಮ್ಮೆ ನೋಡಿದಳು. ಅಲ್ಲಿಯೂ ಅದೇ ಜಾಗದಲ್ಲಿ ಒಣಗುತ್ತಿದ್ದ ಸಣ್ಣ ಚುಕ್ಕೆ.

"ಏನು ಚುಚ್ಚಿತು?" ಎಂದು ಇಬ್ಬರನ್ನೂ ಕೇಳಿದಳು.

ಇಬ್ಬರಿಗೂ ಗೊತ್ತಿರಲಿಲ್ಲ. ಗಾಯ ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿದಳು. ಇನ್ನು ಮುಂದೆ ಮನೆಯೊಳಗೂ ಬರಿಗಾಲಿನಲ್ಲಿ ನಡೆಯಕೂಡದು, ಹಳೆಯ ಚಪ್ಪಲಿಗಳನ್ನೆಲ್ಲ ಬಿಟ್ಟು ಹಿಂದೆ ಪಟ್ಟಿಯಿರುವ ಮೆತ್ತನೆಯ ಪಾದರಕ್ಷೆಯನ್ನೇ ಹಾಕಬೇಕು, ದಿನವೂ ಅಂಗಾಲನ್ನು ಕಣ್ಣಿನಿಂದ ನೋಡಬೇಕು ಎಂದಳು. "ಕಾಲಿಗೆ ಗೊತ್ತಾಗಲ್ಲ. ಆದ್ದರಿಂದ ಕಣ್ಣಿಗೆ ಗೊತ್ತಾಗಬೇಕು."

ಅನಂತರ ಊಟದ ವಿಚಾರ ಬಂತು. ನಾನು ಹೆಮ್ಮೆಯಿಂದ ಸೂತ್ರವನ್ನು ಹೇಳಿದೆ. ಸುಮಾ ಲೇಖನಿಯನ್ನು ಕೆಳಗಿಟ್ಟಳು.

"ಹಾಲು ಮೊಸರು ಬಿಟ್ಟು ಎಷ್ಟು ವರ್ಷ ಆಯ್ತು ಸರ್?"

"ಏಳು," ಎಂದಳು ವಿಶಾಲಾಕ್ಷಿ, ನನಗಿಂತ ಮೊದಲು. "ಮೂಲಂಗೀನೂ ತಿನ್ನಲ್ಲ, ಬರೀರಿ ಡಾಕ್ಟ್ರೇ."

"ಮೊಟ್ಟೆ, ಮಾಂಸ ನಿಮ್ಮ ಮನೆಯಲ್ಲಿ ಇಲ್ಲ. ಮಾತ್ರೆಯನ್ನೂ ಏಳು ವರ್ಷದಿಂದ ನುಂಗ್ತಿದೀರಿ." ಅವಳು ಪಾಠ ಹೇಳುವ ಧ್ವನಿಯಲ್ಲಿ ಮುಂದುವರಿಸಿದಳು. ಬಿ ಹನ್ನೆರಡು ಎಂಬ ಜೀವಸತ್ವ ನರಗಳ ಆರೋಗ್ಯಕ್ಕೆ ಬೇಕು. ಸಸ್ಯಾಹಾರಿಗಳಿಗೆ ಅದು ಬರುವುದೇ ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ಸಕ್ಕರೆ ಕಾಯಿಲೆಗೆ ನಾನು ನುಂಗುತ್ತಿದ್ದ ಒಳ್ಳೆಯ ಮಾತ್ರೆಯೇ ವರ್ಷಾನುಗಟ್ಟಲೆ ತೆಗೆದುಕೊಂಡಾಗ, ತಿಂದ ಆಹಾರದಿಂದ ಅದು ಮೈಗೆ ಹತ್ತುವುದನ್ನು ಕೆಲವರಲ್ಲಿ ಕಡಿಮೆ ಮಾಡುತ್ತದೆ. ಒಂದು ಕಡೆ ಬರುವ ದಾರಿ ಕಿರಿದಾಯಿತು. ಇನ್ನೊಂದು ಕಡೆ ನಾನು ಬಾಗಿಲನ್ನೇ ಮುಚ್ಚಿದೆ.

"ಸೊಪ್ಪು ತಿನ್ನುತ್ತೇನಲ್ಲ? ಬಸ್ಸಾರು ವಾರಕ್ಕೆ ಮೂರು ದಿನ!" ಎಂದು ಪ್ರತಿಭಟಿಸಿದೆ.

"ಬೇಯಿಸಿದ ನೀರನ್ನ ಚೆಲ್ಲದೆ ಸಾರು ಮಾಡ್ತಾರಲ್ಲ, ಅದು ತುಂಬಾ ಒಳ್ಳೇದು," ಎಂದಳು. ವಿಶಾಲಾಕ್ಷಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. "ಸೊಪ್ಪಿನಲ್ಲಿ ಎಷ್ಟೋ ಇದೆ ಸರ್, ಇದೊಂದು ಇಲ್ಲ. ನೀವೇ ಹೇಳ್ತಿದ್ರಲ್ಲ, ಸೂತ್ರ ಬಾಯಿಪಾಠ ಬಂದರೆ ಸಾಲದು, ಉದಾಹರಣೆ ಕೊಡೋಕೆ ಬರಬೇಕು ಅಂತ?"

ಹೇಳುತ್ತಿದ್ದೆ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಅವರ ಅವಧಿಗೂ ನಾನೇ ಹೋಗಿ, ಎ ಇಲ್ಲದಿದ್ದರೆ ಇರುಳುಗುರುಡು, ಸಿ ಇಲ್ಲದಿದ್ದರೆ ವಸಡಿನಲ್ಲಿ ರಕ್ತ, ಡಿ ಇಲ್ಲದಿದ್ದರೆ ಸೊಟ್ಟಗಾಲು ಎಂದು ರಾಗವಾಗಿ ಹೇಳಿಸುತ್ತಿದ್ದವನೂ ನಾನೇ. ಸುಮಾ ಮೊದಲ ಬೆಂಚಿನಲ್ಲಿ ಕೂತು ರಾಗ ತಪ್ಪದೆ ಹೇಳುತ್ತಿದ್ದಳು. ಅವಳು ಅದನ್ನು ಅರ್ಥ ಮಾಡಿಕೊಂಡಳು; ನಾನು ರಾಗವನ್ನು ಮಾತ್ರ ಇಟ್ಟುಕೊಂಡೆ.

ರಕ್ತ ಕೊಟ್ಟು ಕಾದು, ಸಂಜೆ ಪರೀಕ್ಷೆಯ ಫಲಿತಾಂಶ ಬಂದಾಗ ನನ್ನ ಬಿ ಹನ್ನೆರಡು ಇರಬೇಕಾದ ಕೆಳಗಿನ ಗೆರೆಗಿಂತಲೂ ಬಹಳ ಕೆಳಗಿತ್ತು. ಮಲ್ಲೇಶಪ್ಪನವರದು, ಚೆಂಬುಗಟ್ಟಲೆ ಮಜ್ಜಿಗೆಯ ಕೃಪೆಯಿಂದ, ದಿವ್ಯವಾಗಿತ್ತು. ಅವರ ಸಕ್ಕರೆಯ ಅಂಕಿ ಮಾತ್ರ ಒಬ್ಬಟ್ಟಿನ ಇತಿಹಾಸವನ್ನೆಲ್ಲ ಹೇಳುತ್ತಿತ್ತು.

"ಇಬ್ಬರ ಕಾಲೂ ಒಂದೇ ಥರ ಮರಗಟ್ಟಿದೆ, ಕಾರಣ ಬೇರೆ ಬೇರೆ," ಎಂದಳು ಸುಮಾ. "ಮಲ್ಲೇಶಪ್ಪನವರು ತಿನ್ನೋದನ್ನ ಬಿಡಬೇಕು. ಸರ್ ಬಿಟ್ಟಿದ್ದನ್ನ ತಿನ್ನಬೇಕು."

"ನೋಡಿ ಮತ್ತೆ! ಆವತ್ತು ನಿಮ್ಮ ಪಾಲು ನಾನು ತಿಂದೆ, ನನ್ನ ಪಥ್ಯ ನೀವು ಮಾಡಿದ್ರಿ. ಚಪ್ಲಿ ಒಂದೇ ಅಲ್ಲ ಅದಲುಬದಲಾಗಿರೋದು," ಎಂದರು ಮಲ್ಲೇಶಪ್ಪ.

ನಾನು ನಗಲಿಲ್ಲ. ನನಗೆ ಬೇಕಾಗಿದ್ದ ಉತ್ತರ ಒಂದೇ. "ಹೋದ ಸ್ಪರ್ಶ ಮರಳಿ ಬರುತ್ತದೆಯೇ, ಸುಮಾ?"

"ಮಾತು ಕೊಡಲ್ಲ ಸರ್. ಕೊರತೆಯಿಂದ ಆದದ್ದಾದರೆ ಬರಬಹುದು, ನಿಧಾನಕ್ಕೆ. ಸಕ್ಕರೆಯ ಪಾಲೂ ಇದ್ದರೆ ಅಷ್ಟು ಬರದೇ ಇರಬಹುದು. ಮೊದಲು ಇಂಜೆಕ್ಷನ್, ಆಮೇಲೆ ಮಾತ್ರೆ. ಸಕ್ಕರೆ ಮಾತ್ರೆಯನ್ನ ನೀವೇ ನಿಲ್ಲಿಸಬೇಡಿ. ಮೊಸರಂತೂ ಇವತ್ತಿನಿಂದಲೇ."

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ನಾನು ಚೀಲದಿಂದ ಮಲ್ಲೇಶಪ್ಪನವರ ಚಪ್ಪಲಿಯನ್ನು ತೆಗೆದೆ. ಅವರು ಕೈ ಒಡ್ಡಲಿಲ್ಲ.

"ಬ್ಯಾಡ ಮೇಷ್ಟ್ರೇ. ಹೆಂಗೂ ಡಾಕ್ಟ್ರಮ್ಮ ಹಾಕ್ಬ್ಯಾಡಿ ಅಂದವ್ರೆ. ಇಟ್ಕಳಿ. ಕಣ್ಮುಚ್ಚಿ ಕಾಲಿಕ್ಕಿದಾಗ, ಇದು ನಂದಲ್ಲ ಅಂತ ಯಾವತ್ತು ನಿಮ್ಮ ಕಾಲು ಹೇಳುತ್ತೋ, ಅವತ್ತು ಕೊಡಿ. ನಿಮ್ಮದೂ ನನ್ತಾವ ಇರ್ಲಿ."

ಹೀಗೆ ಬೇರೆಯವರ ಒಂಟಿ ಚಪ್ಪಲಿಯೊಂದು ನಮ್ಮ ಮನೆಯಲ್ಲಿ ಪರೀಕ್ಷಾ ಸಾಮಗ್ರಿಯಾಯಿತು.

ಏಳು ವರ್ಷಗಳ ತರುವಾಯ ಮೊದಲ ಮೊಸರನ್ನು ಆ ರಾತ್ರಿ ಊಟಕ್ಕೆ ಉಂಡೆ. ರಾಗಿಮುದ್ದೆಯ ಕೊನೆಯ ತುಣುಕು ಮುಗಿದ ಮೇಲೆ ತಟ್ಟೆಗೆ ಎರಡು ಹಿಡಿ ನವಣೆ ಅನ್ನ, ಅದರ ಮೇಲೆ ಗಟ್ಟಿ ಮೊಸರು. ವಿಶಾಲಾಕ್ಷಿ ಬಡಿಸಿ, ಹೋಗದೆ ಅಲ್ಲಿಯೇ ನಿಂತಳು. "ಹೆಂಗಿದೆ?" ಎಂದಳು. "ಬಿಳಿಯಾಗಿದೆ," ಎಂದೆ. ಬಾಯಿ ತುಂಬಿದ್ದುದರಿಂದ ಅದಕ್ಕಿಂತ ಒಳ್ಳೆಯ ವಿಶೇಷಣ ಸಿಕ್ಕಲಿಲ್ಲ.

ಪರೀಕ್ಷೆ ಭಾನುವಾರದ ಬೆಳಿಗ್ಗೆ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ನಡೆಯುತ್ತಿತ್ತು. ನಾನು ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು. ನನ್ನ ಹಳೆಯ ಬಲ ಚಪ್ಪಲಿಯೊಂದನ್ನು ಅಟ್ಟದಿಂದ ಇಳಿಸಿದ್ದೆವು, ಅದಕ್ಕೂ ಉಂಗುಟವಿತ್ತು. ವಿಶಾಲಾಕ್ಷಿ ಅದನ್ನೋ ಮಲ್ಲೇಶಪ್ಪನವರದನ್ನೋ ಪಟ್ಟಿ ಹಿಡಿದು ತಂದು ಕಾಲಿಗೆ ತೊಡಿಸಬೇಕು. ನಾನು ಯಾರದೆಂದು ಹೇಳಬೇಕು. ಆರಂಭದಲ್ಲಿ ಕುಳಿತಲ್ಲೇ ಕಾಲು ಆಡಿಸಿ ನೋಡುತ್ತಿದ್ದೆ; ಎರಡನೆಯ ಭಾನುವಾರಕ್ಕೇ ಎಲ್ಲವನ್ನೂ ಸರಿಯಾಗಿ ಹೇಳಿ ಬೀಗಿದೆ. ಪರೀಕ್ಷಕಿಗೆ ಅನುಮಾನ ಬಂತು.

"ಅವರ ಚಪ್ಪಲಿ ಕಿರುಗುಟ್ಟುತ್ತೆ. ನೀವು ಕಾಲಲ್ಲಿ ಹೇಳ್ತಿಲ್ಲ, ಕಿವೀಲಿ ಹೇಳ್ತಿದೀರ. ಮೇಷ್ಟ್ರಾಗಿ ಕಾಪಿ ಹೊಡೀತೀರಾ? ನಾಚಿಕೆ ಆಗಲ್ವಾ?"

ಅಂದಿನಿಂದ ಏಳುವಂತಿಲ್ಲ, ಕಾಲು ಅಲುಗಿಸುವಂತಿಲ್ಲ ಎಂಬ ನಿಯಮ ಬಂತು. ನಿಯಮ ಬಂದೊಡನೆ ನಾನು ಅನುತ್ತೀರ್ಣನಾದೆ. ಒಮ್ಮೊಮ್ಮೆ ಅವಳು ಬೇಕೆಂದೇ ಒಂದೇ ಚಪ್ಪಲಿಯನ್ನು ತೆಗೆದು ಮತ್ತೆ ಅದನ್ನೇ ತೊಡಿಸುವಳು. ನಾನು, ಹಿಂದಿನದು ನನ್ನದಾದ್ದರಿಂದ ಇದು ಅವರದಿರಬೇಕೆಂದು ತರ್ಕಿಸಿ, ತಪ್ಪುವೆ. ಮಳೆಗಾಲ ಹೀಗೆಯೇ ಕಳೆಯಿತು. ದಸರೆಯ ಹೊತ್ತಿಗೆ ನಾನು ಬೇಸತ್ತು, "ಇನ್ನು ಸಾಕು, ಬರುವುದಿದ್ದರೆ ಇಷ್ಟರಲ್ಲಿ ಬರುತ್ತಿತ್ತು," ಎಂದೆ. ಅವಳು ಚಪ್ಪಲಿಗಳನ್ನು ಎತ್ತಿಡುತ್ತ, "ದಡ್ಡ ಹುಡುಗರನ್ನ ನೀವು ಹಿಂಗೇ ಬಿಟ್ಟುಬಿಡ್ತಿದ್ರಾ?" ಎಂದಳು. ಬಿಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೂ ಕೂರಿಸಿಕೊಳ್ಳುತ್ತಿದ್ದೆ. ಮುಂದಿನ ಭಾನುವಾರ ನಾನೇ ಹೋಗಿ ಕಲ್ಲಿನ ಮೇಲೆ ಕುಳಿತೆ.

ಈ ನಡುವೆ ಮಲ್ಲೇಶಪ್ಪನವರ ದೂರವಾಣಿ ಬರುತ್ತಲೇ ಇತ್ತು. ಒಬ್ಬಟ್ಟಿನ ವಿರಹ, ಬೆಳಗಿನ ನಡಿಗೆ, ಸಕ್ಕರೆಯ ಅಂಕಿ ಸ್ವಲ್ಪ ಸ್ವಲ್ಪವಾಗಿ ಇಳಿದದ್ದು, ಎಲ್ಲದರ ವರದಿ. ಒಮ್ಮೆ ಕೇಳದೆಯೇ ಹೇಳಿದರು: "ಮೇಷ್ಟ್ರೇ, ಹಿಮ್ಮಡಿ ಗಾಯ ಮಾಯ್ಕಂತು ಕಣ್ರೀ! ಡಾಕ್ಟ್ರಮ್ಮನೇ ಖುಷಿಯಾದ್ರು. ಆದ್ರೆ ಕಾಲು ಮಾತ್ರ ಇನ್ನೂ ಮಾತಾಡ್ತಿಲ್ಲ." ಕೊನೆಯ ಮಾತನ್ನು ಅವರು ಎಂದಿನಂತೆ ಜೋರಾಗಿ ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ಒಂದು ಸಂಜೆ, ತೋಟದಿಂದ ಬರುವಾಗ ಪಾದರಕ್ಷೆಯೊಳಗೆ ಏನೋ ಇದೆಯೆನ್ನಿಸಿತು. ಕುಳಿತು ಕಳಚಿ ಕೊಡವಿದೆ. ಒಂದು ಹುಣಿಸೆಬೀಜ ಉರುಳಿತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ನೋಡಿದೆನೋ. ದಾರಿಹೋಕರು ಯಾರೋ, "ಏನು ಮೇಷ್ಟ್ರೇ, ಮುತ್ತು ಸಿಕ್ತಾ?" ಎಂದು ಕೇಳಿ ಹೋದರು. ಮನೆಯಲ್ಲಿ ಹೇಳಲಿಲ್ಲ, ಒಂದು ಬೀಜದಿಂದ ಉತ್ತೀರ್ಣತೆಯನ್ನು ಘೋಷಿಸಬಾರದು.

ಅದಾದ ಕೆಲವು ವಾರಗಳಿಗೆ, ಎಂದಿನ ಭಾನುವಾರ, ಎಂದಿನ ಕಲ್ಲು. ಕಣ್ಣು ಮುಚ್ಚಿದೆ. ಚಪ್ಪಲಿ ಕಾಲಿಗೆ ಬಂತು. ಹೆಬ್ಬೆರಳ ಸುತ್ತ ಏನೂ ಇರಲಿಲ್ಲ. ಇಲ್ಲವೆಂಬುದು ತಿಳಿಯುತ್ತಿತ್ತು! ಅದಕ್ಕೂ ಮಿಗಿಲಾಗಿ, ನನ್ನದಲ್ಲದ ಒಂದು ಹೆಬ್ಬೆರಳು ವರ್ಷಗಟ್ಟಲೆ ಒತ್ತಿ ಮಾಡಿದ ತಗ್ಗು ನನ್ನ ಬೆರಳಿನ ಮುಂದೆ, ಇಷ್ಟು ದೂರದಲ್ಲಿ, ಇತ್ತು.

"ಇದು ಮಲ್ಲೇಶಪ್ಪನವರದು," ಎಂದೆ.

ಕಣ್ಣು ತೆರೆದೆ. ವಿಶಾಲಾಕ್ಷಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಉತ್ಸಾಹದಲ್ಲಿ ನಿಯಮ ಮರೆತು ದಿಗ್ಗನೆ ಎದ್ದು ನಿಂತೆ. ನಿಂತವನು, "ಅಯ್ಯಯ್ಯಪ್ಪಾ!" ಎಂದು ಕೂಗಿ ಮತ್ತೆ ಕುಳಿತೆ. ಹಿಮ್ಮಡಿಗೆ ಚುರುಕ್ಕೆಂದು ಏನೋ ಚುಚ್ಚಿತ್ತು.

ಅವಳು ಚಪ್ಪಲಿಯನ್ನು ಕಿತ್ತುಕೊಂಡು ಹಿಮ್ಮಡಿಯ ಭಾಗವನ್ನು ಹೆಬ್ಬೆಟ್ಟಿನಿಂದ ಒತ್ತಿದಳು. ಸವೆದ ಚರ್ಮದ ನಡುವಿನಿಂದ, ಭಾರ ಬಿದ್ದಾಗ ಮಾತ್ರ, ಒಂದು ಸಣ್ಣ ಮೊಳೆಯ ತುದಿ ತಲೆಯೆತ್ತುತ್ತಿತ್ತು. ಕೈ ಬಿಟ್ಟರೆ ಒಳಗೆ ಅಡಗುತ್ತಿತ್ತು. ಅಜ್ಜಂಪುರದಿಂದ ಕಡೂರಿನವರೆಗೆ ನಾನು ಬಂದದ್ದು ಅದರ ಮೇಲೆ. ಅದಕ್ಕೆ ಮೊದಲು ಮಲ್ಲೇಶಪ್ಪನವರು ಅದೆಷ್ಟು ಕಾಲ ನಡೆದಿದ್ದರೋ. ಇಬ್ಬರ ಹಿಮ್ಮಡಿಗೂ ಏನು ಚುಚ್ಚಿತೆಂಬ ಸುಮಾಳ ಪ್ರಶ್ನೆಗೆ ಉತ್ತರ, ಒಂಬತ್ತು ತಿಂಗಳು ನಮ್ಮ ಗೂಡಿನಲ್ಲಿ ಕುಳಿತಿತ್ತು. ನನ್ನ ಕಾಲಿನಲ್ಲಿ ಮೂಡಿದ ಕೆಂಪು ಹನಿಯನ್ನು ವಿಶಾಲಾಕ್ಷಿ ತೊಳೆದು ಔಷಧಿ ಹಚ್ಚಿದಳು. "ಉರೀತಾ?" ಎಂದು ಕೇಳಿದಳು. "ಉರಿಯುತ್ತದೆ. ಚೆನ್ನಾಗಿ ಉರಿಯುತ್ತದೆ," ಎಂದೆ. ಅಷ್ಟು ಸಂತೋಷದಿಂದ ಆ ಕ್ರಿಯಾಪದವನ್ನು ಯಾರೂ ಬಳಸಿರಲಾರರು.

ಶಿವನಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿದೆ. "ಅದುಕ್ಕೇ ಮಾಯ್ತಿರ್ಲಿಲ್ಲ ಕಣ್ರೀ ಅದು. ಆ ಚಪ್ಲಿ ನನ್ನ ಕಾಲಲ್ಲೇ ಇದ್ದಿದ್ರೆ..." ಎಂದು, ವಾಕ್ಯವನ್ನು ಅಲ್ಲಿಗೇ ಬಿಟ್ಟರು. ಅಪೂರ್ಣ ವಾಕ್ಯಗಳನ್ನು ಕಂಡರೆ ನನಗಾಗದು. ಆದರೂ ಅದನ್ನು ಪೂರ್ಣಗೊಳಿಸಿರೆಂದು ಕೇಳಲಿಲ್ಲ. "ಇವತ್ತೇ ಬೀರೂರಿಗೆ ಬತ್ತೀನಿ," ಎಂದರು.

ಬೀರೂರು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಧ್ಯಾಹ್ನ ನಾವಿಬ್ಬರೂ ಕುಳಿತು ಚೀಲಗಳನ್ನು ಬಿಚ್ಚಿದೆವು. ನನ್ನ ಬಲ ಚಪ್ಪಲಿಯನ್ನು ಅವರು ಕಾಗದದಲ್ಲಿ ಸುತ್ತಿ, ಎಣ್ಣೆ ಹಚ್ಚಿ ತಂದಿದ್ದರು. ಅವರದನ್ನು ನಾನು ಕೊಟ್ಟೆ. ಮೊಳೆಯಿದ್ದ ಕಡೆ ಅವರು ಹೆಬ್ಬೆಟ್ಟು ಒತ್ತಿ, ಕೈ ಎಳೆದುಕೊಂಡು, "ಕೈಗೆ ಗೊತ್ತಾಯ್ತದೆ," ಎಂದರು. ಹತ್ತಿರದಲ್ಲಿದ್ದ ಕಸದ ಡಬ್ಬಿಗೆ ಅದನ್ನು ಹಾಕಿ ಬಂದು, ತಮ್ಮ ಮೆತ್ತನೆಯ ಹೊಸ ಪಾದರಕ್ಷೆಯ ಪಟ್ಟಿ ಸಡಿಲಿಸಿ, ಅಂಗಾಲನ್ನು ಮೇಲೆತ್ತಿ, ಅಲ್ಲಿಯೇ, ಎಲ್ಲರೆದುರಿಗೆ ನೋಡಿಕೊಂಡರು. "ದಿನಾ ನೋಡ್ತೀನಿ ಮೇಷ್ಟ್ರೇ. ಕಾಲು ಮಾತಾಡ್ದಿದ್ರೂ ಪರವಾಗಿಲ್ಲ, ಕಣ್ಣು ಐತಲ್ಲ."

ವಿಶಾಲಾಕ್ಷಿ ಕಟ್ಟಿಕೊಟ್ಟಿದ್ದ ಡಬ್ಬಿಯನ್ನು ತೆರೆದೆ. ನವಣೆಯ ಮೊಸರನ್ನ, ಮೇಲೆ ಒಂದಿಷ್ಟು ತುರಿದ ಮೂಲಂಗಿ, ಬೆಳ್ಳಗೆ.

"ನಂಗೂ ಐತಾ?" ಎಂದರು ಮಲ್ಲೇಶಪ್ಪ.

"ಇದೆ. ನಿಮ್ಮ ಪಾಲು ಮಾತ್ರ," ಎಂದೆ.

ಬೀರೂರಿನ ಆ ಕಲ್ಲುಬೆಂಚಿನ ಮೇಲೆ ನಾವಿಬ್ಬರೂ ಅವರವರ ಪಾಲನ್ನು ಅವರವರೇ ತಿಂದು, ಚಪ್ಪಲಿಯ ವ್ಯವಹಾರವನ್ನು ಇತ್ಯರ್ಥಪಡಿಸಿಕೊಂಡದ್ದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿಯ ಫೆಬ್ರವರಿ ತಿಂಗಳ ಹನ್ನೊಂದನೆಯ ತಾರೀಖು, ಭಾನುವಾರ.